ಸ್ಟೇಡಿಯಂನಲ್ಲಿ ನೀರು, ಕೂಲ್‌ಡ್ರಿಂಕ್ಸ್: ಬೆಲೆ ಸರಿಯೇ, ಅಳತೆ ಸರಿಯೇ? ತೂಕ-ಅಳತೆ ಇನ್ಸ್‌ಪೆಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಐಪಿಎಲ್ ಮ್ಯಾಚ್ ನೋಡಿ ಬಂದ ತುಂಬ ಜನ ನೀರು, ಕೂಲ್‌ಡ್ರಿಂಕ್ಸ್ ಬೆಲೆ ಬಗ್ಗೆ ಬರೆದಿದ್ದೀರಿ. ತೂಕ-ಅಳತೆ ಇಲಾಖೆಯಲ್ಲಿ, ಅಂದರೆ ಈಗಿನ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ, ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದ ನಮ್ಮ ಸದಸ್ಯರು ಇವತ್ತು ಉತ್ತರ ಕೊಡುತ್ತಾರೆ. ಸ್ಟೇಡಿಯಂ ಹೆಸರು, ಕಂಪನಿ ಹೆಸರು ಹಾಕಬೇಡಿ. ಮೇಲಿನದ್ದು ಓದಿ ಆಮೇಲೆ ಕೇಳಿ.

ದಾವಣಗೆರೆ ಹುಡುಗ: ಸರ್, ಅರ್ಧ ಲೀಟರ್ ನೀರಿನ ಬಾಟಲಿ ಮೇಲೆ 10 ರೂಪಾಯಿ ಅಂತ ಇತ್ತು. 50 ತಗೊಂಡರು. ಕೇಳಿದರೆ "ಸ್ಟೇಡಿಯಂ ರೇಟು" ಅಂದರು. ಇದು ಸರಿನಾ?

ಇನ್ಸ್‌ಪೆಕ್ಟರ್: ಸರಿ ಅಲ್ಲ. ಸೀಲ್ ಇರುವ ಬಾಟಲಿ ಕಾನೂನಿನ ಮಾತಿನಲ್ಲಿ ಪೊಟ್ಟಣ ಸಾಮಗ್ರಿ, ಅಂದರೆ ಮೊದಲೇ ಪ್ಯಾಕ್ ಮಾಡಿದ ಮಾಲು. ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತೆಗೆದುಕೊಂಡರೂ 2011ರ ಪೊಟ್ಟಣ ಸಾಮಗ್ರಿ ನಿಯಮಗಳಿಗೆ ವಿರುದ್ಧ, 18ನೇ ನಿಯಮ ನೋಡಿ. ಸ್ಟೇಡಿಯಂ ರೇಟು ಅನ್ನುವ ಮಾತು ಕಾನೂನಿನಲ್ಲಿ ಇಲ್ಲ. ಬಿಲ್ ಕೇಳಿ ತೆಗೆದುಕೊಳ್ಳಿ. ಬಾಟಲಿ ಮೇಲಿನ ಬೆಲೆಯ ಫೋಟೋ ತೆಗೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಇಲಾಖೆಯ ಜಿಲ್ಲಾ ಕಚೇರಿಗೂ ಬರೆದು ಕೊಡಿ.

ಕ್ರಿಕೆಟ್ ಪ್ರೇಮಿ: ಆದರೆ ಸರ್, ಹೋಟೆಲಿನವರು ಎಂಆರ್‌ಪಿಗಿಂತ ಜಾಸ್ತಿ ತಗೋಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ?

ಇನ್ಸ್‌ಪೆಕ್ಟರ್: ಹೇಳಿದೆ, 2017ರ ಡಿಸೆಂಬರ್‌ನಲ್ಲಿ. ಅದು ಹೋಟೆಲ್, ರೆಸ್ಟೋರೆಂಟ್ ಬಗ್ಗೆ. ಅಲ್ಲಿ ಕುರ್ಚಿ, ಮೇಜು, ಬಡಿಸುವವರು ಎಲ್ಲ ಸೇರಿ ಒಂದು ಸೇವೆ, ಬರೀ ಬಾಟಲಿ ಮಾರಾಟ ಅಲ್ಲ ಅನ್ನುವುದು ವಾದ. ಸ್ಟಾಲಿನ ಮುಂದೆ ನೂಕಾಟದಲ್ಲಿ ನಿಂತು ಕೈಗೆ ಬಾಟಲಿ ತೆಗೆದುಕೊಂಡು ಬಂದರೆ ಏನು ಸೇವೆ ಸಿಕ್ಕಿತು? ಅದು ಬರೀ ಮಾರಾಟ ಅನ್ನುವುದು ನನ್ನ ಅಭಿಪ್ರಾಯ. ಕಾರ್ಪೊರೇಟ್ ಬಾಕ್ಸ್‌ನಲ್ಲಿ ಕೂರಿಸಿ ತಂದುಕೊಟ್ಟರೆ ವಾದ ಬೇರೆಯಾಗುತ್ತದೆ.

ಹುಬ್ಬಳ್ಳಿಯವರು: ಸರ್ ನಮಸ್ಕಾರ ರೀ. ಎಂಆರ್‌ಪಿ ಮ್ಯಾಲೆ ಮತ್ತ ಜಿಎಸ್‌ಟಿ ಹಾಕ್ಯಾರ ಬಿಲ್‌ನ್ಯಾಗ. ಹಾಕಬಹುದೇನ್ರಿ?

ಇನ್ಸ್‌ಪೆಕ್ಟರ್: ಹಾಕುವಂತಿಲ್ಲ. ಎಂಆರ್‌ಪಿಯಲ್ಲೇ ಎಲ್ಲ ತೆರಿಗೆ ಸೇರಿದೆ.

ಮೈಸೂರು ಟೀಚರ್: ನಮಸ್ತೆ ಸರ್. ನಾನು ಗಣಿತ ಟೀಚರ್. ನಾವು ಹೋದ ಮ್ಯಾಚಿನಲ್ಲಿ ಬಾಟಲಿ ಕೊಡುವುದೇ ಇಲ್ಲ, ಕಪ್ಪಿಗೆ ಸುರಿದು ಕೊಡುತ್ತಾರೆ. ಬೋರ್ಡಿನಲ್ಲಿ "ಸ್ಮಾಲ್ 100, ಲಾರ್ಜ್ 160" ಅಂತ ಅಷ್ಟೇ ಇತ್ತು. ಮಗನಿಗೆ ಲಾರ್ಜ್, ನನಗೆ ಸ್ಮಾಲ್. ಕುಡಿದಾದ ಮೇಲೆ ಮಗ ಸುಮ್ನೆ ಆಟಕ್ಕೆ ಚಿಕ್ಕ ಕಪ್ಪಿನ ತುಂಬ ನೀರು ಹಿಡಿದು ದೊಡ್ಡದಕ್ಕೆ ಸುರಿದ. ಹೆಚ್ಚೂಕಡಿಮೆ ಬಾಯಿವರೆಗೂ ಬಂತು! ಎರಡೂ ಕಪ್ ಮನೆಗೆ ತಂದಿದ್ದೇನೆ. ಇದಕ್ಕೆ ಏನಾದರೂ ಕಾನೂನು ಇದೆಯಾ, ಅಥವಾ ಕಪ್ ವಿಷಯ ಅಂತ ಬಿಟ್ಟುಬಿಡಬೇಕಾ?

ಇನ್ಸ್‌ಪೆಕ್ಟರ್: ಟೀಚರ್, ಬಿಡಬೇಡಿ. ಇವತ್ತು ಬಂದ ಪ್ರಶ್ನೆಗಳಲ್ಲಿ ನನ್ನನ್ನು ಕಾಡುವುದು ಇದೇ. ಬೆಲೆ ಜಾಸ್ತಿ ಇದ್ದರೆ ಬೋರ್ಡಿನಲ್ಲಿ ಕಾಣುತ್ತದೆ, ಬೇಡ ಅಂತ ವಾಪಸ್ ಬರಬಹುದು. ಅಳತೆ ಕಡಿಮೆ ಇದ್ದರೆ ದುಡ್ಡು ಕೊಟ್ಟವರಿಗೆ ಗೊತ್ತೇ ಆಗುವುದಿಲ್ಲ. ಸಾವಿರಾರು ಜನ ಖುಷಿಯಿಂದ ಕುಡಿದು ಕಪ್ ಎಸೆದು ಮನೆಗೆ ಹೋಗುತ್ತಾರೆ.

ಅಮೆರಿಕದ ಐಡಹೊ ರಾಜ್ಯದ ಬಾಯ್ಸಿ ನಗರದಲ್ಲಿ 2014ರಲ್ಲಿ ಇದೇ ಆಯಿತು. ಐಸ್-ಹಾಕಿ ಪಂದ್ಯ ನಡೆಯುವ ಅರೀನಾ, ಅಂದರೆ ಒಳಾಂಗಣ ಸ್ಟೇಡಿಯಂ. ಚಿಕ್ಕ ಬಿಯರ್ 4 ಡಾಲರ್, ದೊಡ್ಡದು 7 ಡಾಲರ್. ಚಿಕ್ಕ ಕಪ್ ಗಿಡ್ಡ, ಅಗಲ. ದೊಡ್ಡದು ಎತ್ತರ, ಸಪೂರ. ಯಾರೋ ಒಂದನ್ನು ಇನ್ನೊಂದಕ್ಕೆ ಸುರಿದು ವಿಡಿಯೊ ಹಾಕಿದರು. ಎರಡೂ ಹಿಡಿಯುವುದು ಹತ್ತಿರಹತ್ತಿರ ಒಂದೇ. ಕೆಲವರು ಕೋರ್ಟಿಗೂ ಹೋದರು. ಅರೀನಾದವರು ಲಾರ್ಜ್‌ಗೆ ಇನ್ನೂ ದೊಡ್ಡ ಕಪ್ ತರಿಸುತ್ತೇವೆ ಎಂದರು.

ನಿಮಗೆ ಗಣಿತ ಹೇಳಿಕೊಡುವುದು ಬೇಡ, ಬೇರೆಯವರಿಗಾಗಿ ಹೇಳುತ್ತೇನೆ. ಕಣ್ಣು ಎತ್ತರ ನೋಡುತ್ತದೆ. ಆದರೆ ಎತ್ತರ ನೂರಕ್ಕೆ 10 ಹೆಚ್ಚಿದರೆ ಹಿಡಿಯುವ ಪ್ರಮಾಣವೂ 10 ಅಷ್ಟೇ ಹೆಚ್ಚುತ್ತದೆ, ಅಗಲ ನೂರಕ್ಕೆ 10 ಹೆಚ್ಚಿದರೆ ಪ್ರಮಾಣ 21 ಹೆಚ್ಚುತ್ತದೆ. ಹಾಗಾಗಿ ಕಪ್ಪನ್ನು ಉದ್ದ ಮಾಡಿ, ತಳ ಒಂದಿಷ್ಟು ಸಣ್ಣ ಮಾಡಿದರೆ ಸಾಕು, ನೋಡುವವರಿಗೆ ದೊಡ್ಡದು, ಒಳಗೆ ಅಷ್ಟೇ. ಇದರ ಮೇಲೆ ಐಸ್. ಅರ್ಧ ಕಪ್ ಐಸ್ ತುಂಬಿ ಸುರಿದರೆ ನೀವು ದುಡ್ಡು ಕೊಟ್ಟ ಪಾನೀಯ ಎಷ್ಟು ಬಂತು ಅಂತ ದೇವರಿಗೇ ಗೊತ್ತು.

ಕಾನೂನಿಗೆ ಬರೋಣ. ಕಪ್ಪಿಗೆ ಸುರಿದ ಕೂಡಲೇ ಅದು ಪೊಟ್ಟಣ ಅಲ್ಲ, ಎಂಆರ್‌ಪಿ ಅಲ್ಲಿಗೆ ಮುಗಿಯಿತು. ಬಾಟಲಿ ಕೊಡದಿರುವುದಕ್ಕೆ ಭದ್ರತೆಯ ಕಾರಣ ಹೇಳುತ್ತಾರೆ, ಅದು ಸುಳ್ಳಲ್ಲ. 1996ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಜನ ಬಾಟಲಿ ಎಸೆದು, ಸ್ಟ್ಯಾಂಡಿನಲ್ಲಿ ಬೆಂಕಿ ಹಚ್ಚಿದ್ದಕ್ಕೆ ಮ್ಯಾಚ್ ನಿಲ್ಲಿಸಿ ಶ್ರೀಲಂಕಾ ಗೆದ್ದಿತು ಎಂದರು. ಭದ್ರತೆಗೆ ಕಪ್ ಸರಿ. ಆದರೆ ಕಪ್ಪಿನ ಮೇಲೆ ಎಷ್ಟು ಮಿಲಿ ಅಂತ ಬರೆಯುವುದಕ್ಕೆ ಯಾವ ಭದ್ರತೆ ಅಡ್ಡ ಬರುತ್ತದೆ? 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಬೆಲೆ ಪಟ್ಟಿಯನ್ನು ತೂಕ, ಅಳತೆ ಅಥವಾ ಎಣಿಕೆಯ ಪ್ರಮಾಣಿತ ಘಟಕದಲ್ಲೇ ಹಾಕಬೇಕು. ಅಂಗಡಿಯವರು "ನಾವು ಕಪ್ ಲೆಕ್ಕದಲ್ಲಿ, ಎಣಿಕೆಯಲ್ಲಿ ಮಾರುತ್ತೇವೆ" ಎಂದು ವಾದಿಸುತ್ತಾರೆ. ಎಣಿಕೆಯಾದರೆ ಒಂದು ಕಪ್ಪಿಗೂ ಇನ್ನೊಂದು ಕಪ್ಪಿಗೂ 60 ರೂಪಾಯಿ ವ್ಯತ್ಯಾಸ ಯಾಕೆ? ವ್ಯತ್ಯಾಸ ಇರುವುದು ಪ್ರಮಾಣದ ಹೆಸರಲ್ಲಿ. ಹಾಗಾದರೆ ಪ್ರಮಾಣ ಹೇಳಲೇಬೇಕು. ನಾನು ಕೆಲಸದಲ್ಲಿದ್ದಿದ್ದರೆ ಇದನ್ನೇ ಬರೆಯುತ್ತಿದ್ದೆ. ಬಾರಿನಲ್ಲಿ 30 ಮಿಲಿ ಪೆಗ್ ಅಳೆಯುವ ಅಳತೆಗೆ ನಮ್ಮ ಮುದ್ರೆ ಬೇಕು. ಜರ್ಮನಿಯಲ್ಲಿ ಬಿಯರ್ ಗ್ಲಾಸಿನ ಮೇಲೆ ಎಲ್ಲಿವರೆಗೆ ತುಂಬಬೇಕು ಅಂತ ಗೆರೆಯೇ ಇರಬೇಕು. ಮಕ್ಕಳು ಕುಡಿಯುವ ಕೂಲ್‌ಡ್ರಿಂಕ್ಸ್‌ಗೆ ನಮ್ಮಲ್ಲಿ ಒಂದು ಗೆರೆ ಹಾಕಿಸುವುದು ಕಷ್ಟವಾ?

ಈಗ ಮಾಡಬೇಕಾದ್ದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಖಾಲಿ ಕಪ್ ತೂಗಿ, ಆಮೇಲೆ ಬಾಯಿವರೆಗೆ ನೀರು ತುಂಬಿ ತೂಗಿ. ಒಂದು ಗ್ರಾಂ ನೀರು ಅಂದರೆ ಒಂದು ಮಿಲಿ. ಎರಡೂ ಕಪ್ ಅಳೆದು ಇಲ್ಲೇ ಹಾಕಿ.

ಮೈಸೂರು ಟೀಚರ್: ತುಂಬ ಥ್ಯಾಂಕ್ಸ್ ಸರ್. ರಾತ್ರಿ ಅಳೆದು ಹಾಕ್ತೀನಿ.

ಕ್ರಿಕೆಟ್ ಪ್ರೇಮಿ: ಒಳಗೆ ಕಾರ್ಡ್ ಕೊಡ್ತಾರಲ್ಲ, ಅದಕ್ಕೆ ದುಡ್ಡು ತುಂಬಿಸಿದ್ದು ಉಳಿದರೆ ವಾಪಸ್ ಬರಲ್ಲ. ಅದಕ್ಕೆ ಏನು ಮಾಡೋದು ಸರ್?

ರಿಟೈರ್ಡ್ ಮೇಷ್ಟ್ರು: ಎಲ್ಲರೂ ಓದಿ, ಹಂಚಿಕೊಳ್ಳಿ. 1867ರ ಸರಾಯ್ ಕಾಯ್ದೆ ಪ್ರಕಾರ ಯಾವುದೇ ಹೋಟೆಲ್, ಫೈವ್ ಸ್ಟಾರ್ ಇರಲಿ, ಸ್ಟೇಡಿಯಂ ಇರಲಿ, ಉಚಿತ ನೀರು ಮತ್ತು ಶೌಚಾಲಯ ಕೊಡಲೇಬೇಕು. ಕೊಡದಿದ್ದರೆ ಲೈಸೆನ್ಸ್ ರದ್ದು. ಈ ಮೆಸೇಜ್ ತೋರಿಸಿದರೆ ಸಾಕು, ಹೆದರುತ್ತಾರೆ.

ಇನ್ಸ್‌ಪೆಕ್ಟರ್: ಮೇಷ್ಟ್ರೇ, ಇದು ವರ್ಷಗಳಿಂದ ಸುತ್ತುತ್ತಿರುವ ಫಾರ್ವರ್ಡ್. ಸರಾಯ್ ಕಾಯ್ದೆ ಅಂದರೆ ಪ್ರಯಾಣಿಕರು ತಂಗುವ ಛತ್ರಗಳನ್ನು ನೋಂದಾಯಿಸುವ ಹಳೇ ಕಾಯ್ದೆ. ಸ್ಟೇಡಿಯಂಗೂ ಅದಕ್ಕೂ ಸಂಬಂಧ ಇಲ್ಲ. ದಯವಿಟ್ಟು ಇದನ್ನು ತೋರಿಸಿ ಗೇಟಿನಲ್ಲಿ ಜಗಳ ಮಾಡಬೇಡಿ. ಅಲ್ಲಿ ನಿಂತಿರುವವನು ದಿನಗೂಲಿ ಹುಡುಗ, ನಿಯಮ ಮಾಡಿದವನು ಅವನಲ್ಲ.

ಹಾಸನದ ಅಮ್ಮ: ಸರ್, ಮಧ್ಯಾಹ್ನ ಮೂರೂವರೆ ಮ್ಯಾಚ್‌ಗೆ ಮಗು ಮತ್ತು ಮಾವನವರ ಜೊತೆ ಹೋಗಿದ್ದೆ. ಗೇಟಿನಲ್ಲಿ ನೀರಿನ ಬಾಟಲಿ ಕಿತ್ತು ಹಾಕಿದರು. ಒಳಗೆ ಫ್ರೀ ನೀರು ಎಲ್ಲೂ ಕಾಣಲಿಲ್ಲ. ಮಾವನವರಿಗೆ ಶುಗರ್ ಇದೆ, ಬಿಸಿಲಿಗೆ ತಲೆ ಸುತ್ತಿ ಕೂತುಬಿಟ್ಟರು. ಪಕ್ಕದವರು ಅವರ ಕಪ್ ನೀರು ಕೊಟ್ಟರು. ಇದನ್ನು ಕೇಳುವವರೇ ಇಲ್ವಾ?

ಇನ್ಸ್‌ಪೆಕ್ಟರ್: ಅಮ್ಮಾ, ಮಾವನವರು ಈಗ ಹೇಗಿದ್ದಾರೆ? ಮೊದಲು ಡಾಕ್ಟರಿಗೆ ತೋರಿಸಿ, ಬಿಸಿಲಿಗೆ ಹೋಗುವಾಗ ಏನು ಎಚ್ಚರಿಕೆ ಅಂತ ಅವರನ್ನೇ ಕೇಳಿ. ಮುಂದೆ ಹೋಗುವಾಗ ಔಷಧಿ ಚೀಟಿ ಜೊತೆಗಿರಲಿ, ಗೇಟಿನಲ್ಲಿ ಪೊಲೀಸರಿಗೆ ತೋರಿಸಿ ಮಾತಾಡಿ.

ಕಾನೂನು ಹೀಗಿದೆ. ಹೊರಗಿನ ತಿಂಡಿ ತರಬೇಡಿ ಅನ್ನುವ ಹಕ್ಕು ಸಿನಿಮಾ ಥಿಯೇಟರಿನವರಿಗೆ ಇದೆ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಕುಡಿಯುವ ನೀರು ಉಚಿತವಾಗಿ ಸಿಗಬೇಕು, ಮಗುವಿನ ಆಹಾರ ಬಿಡಬೇಕು ಅನ್ನುವುದನ್ನೂ ಅಲ್ಲೇ ಹೇಳಿದೆ. ಅದಕ್ಕೂ ಮುಂಚೆ 2015ರಲ್ಲಿ ಅಗರ್ತಲದ ಒಂದು ಮಲ್ಟಿಪ್ಲೆಕ್ಸ್ ಕೇಸಿನಲ್ಲಿ, ಒಳಗೆ ಉಚಿತ ನೀರು ಕೊಡದೆ ಹೊರಗಿನ ನೀರನ್ನೂ ತಡೆಯುವುದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. ಇವೆರಡೂ ಥಿಯೇಟರಿನ ಕೇಸುಗಳು, ನೇರವಾಗಿ ಸ್ಟೇಡಿಯಂ ಬಗ್ಗೆ ಅಲ್ಲ. ಆದರೆ ಎಸಿ ಹಾಲಿನಲ್ಲಿ ಎರಡೂವರೆ ಗಂಟೆ ಕೂರುವವರಿಗೆ ನೀರು ಬೇಕು ಅಂದರೆ, ಏಪ್ರಿಲ್ ಬಿಸಿಲಿನಲ್ಲಿ ನಾಲ್ಕು ಗಂಟೆ ಕೂರುವವರಿಗೆ ಬೇಡವಾ? ಈ ವಾದ ಇಟ್ಟು ಗ್ರಾಹಕ ಆಯೋಗಕ್ಕೆ ಹೋಗಬಹುದು. ಟಿಕೆಟ್ ಜೋಪಾನ. 2 ವರ್ಷದ ಒಳಗೆ ಹಾಕಬೇಕು. ನೀವು ಇರುವ ಜಿಲ್ಲೆಯಲ್ಲೇ ಹಾಕಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀ ಇಲ್ಲ.

ಹಾಸನದ ಅಮ್ಮ: ಈಗ ಚೆನ್ನಾಗಿದ್ದಾರೆ ಸರ್. ಟಿಕೆಟ್ ಇದೆ.

ಸ್ಟಾಲ್‌ನವನು: ಎಲ್ಲರೂ ನಮ್ಮನ್ನೇ ಕಳ್ಳರ ತರ ಮಾತಾಡ್ತಿದ್ದೀರಿ. ಒಂದು ಸ್ಟಾಲಿಗೆ ಒಂದು ಮ್ಯಾಚಿಗೆ ಬಾಡಿಗೆ ಎಷ್ಟು ಅಂತ ಗೊತ್ತಾ? ಹುಡುಗರ ಕೂಲಿ, ಐಸ್, ಉಳಿದ ಮಾಲು ವೇಸ್ಟ್. ಬೋರ್ಡಿನ ರೇಟು ನಾವು ಹಾಕೋದಲ್ಲ, ಮೇಲಿನಿಂದ ಬರುತ್ತೆ. ಕಪ್ ಕೂಡ ಅವರೇ ಕೊಡೋದು.

ರಾಜಾಜಿನಗರದವನು: ಟಿಕೆಟಿಗೆ ಸಾವಿರಾರು ಕೊಡ್ತೀರಿ, ಅದರಲ್ಲಿ ನೂರಕ್ಕೆ 40 ಜಿಎಸ್‌ಟಿ ಕಟ್ತೀರಿ, ಬಾಯಿ ಮುಚ್ಚಿಕೊಂಡು. 50 ರೂಪಾಯಿ ನೀರಿಗೆ ಗೋಳಾಡ್ತೀರಿ. ಬೇಡ ಅಂದ್ರೆ ಮನೇಲಿ ಟಿವಿ ನೋಡಿ.

ದಾವಣಗೆರೆ ಹುಡುಗ: ನೀವು ನೋಡಿ ಟಿವಿ. ನಾನು ತಿಂಗಳುಗಟ್ಟಲೆ ದುಡ್ಡು ಉಳಿಸಿ, ರಾತ್ರಿ ಬಸ್ಸಿನಲ್ಲಿ ಬಂದು ಮ್ಯಾಚ್ ನೋಡಿದವನು. ನನಗೆ 40 ರೂಪಾಯಿ ದೊಡ್ಡದೇ.

ಅಟ್ಲಾಂಟಾ ಕನ್ನಡಿಗ: ಇಲ್ಲಿನ ಫುಟ್‌ಬಾಲ್ ಸ್ಟೇಡಿಯಂ 2017ರಲ್ಲಿ ಶುರುವಾದಾಗಲೇ ಕೂಲ್‌ಡ್ರಿಂಕ್ಸ್ 2 ಡಾಲರ್ ಮಾಡಿದರು, ಅದೂ ಎಷ್ಟು ಸಲ ಬೇಕಾದರೂ ತುಂಬಿಸಿಕೊಳ್ಳಬಹುದು. ಹಾಟ್‌ಡಾಗ್ 2 ಡಾಲರ್. ತೆರಿಗೆ ಸೇರಿಯೇ. ಬೆಲೆ ಹೆಚ್ಚುಕಡಿಮೆ ಅರ್ಧ ಇಳಿದರೂ ಒಬ್ಬೊಬ್ಬರು ಖರ್ಚು ಮಾಡುವುದು ಹಿಂದಿನ ವರ್ಷಕ್ಕಿಂತ ನೂರಕ್ಕೆ 16 ಜಾಸ್ತಿ ಆಯಿತು ಅಂತ ಅವರೇ ಹೇಳಿದರು. ಕಡಿಮೆ ಮಾಡಿದರೆ ನಷ್ಟ ಅನ್ನೋದು ಸುಳ್ಳು.

ರಾಜಾಜಿನಗರದವನು: ಅಮೆರಿಕದ ಕಥೆ ಬೇಡ ಸ್ವಾಮಿ. ಇಲ್ಲಿಗೆ ಬಂದು ಒಂದು ಮ್ಯಾಚ್ ನಡೆಸಿ ನೋಡಿ.

ಅಟ್ಲಾಂಟಾ ಕನ್ನಡಿಗ: ಅಮೆರಿಕದ ಬರ್ಗರ್ ಬೇಕು, ಅಲ್ಲಿಯ ಚಿಯರ್‌ಲೀಡರ್ಸ್ ಬೇಕು, ಬೆಲೆ ಮಾತ್ರ ಬೇಡವಾ?

ಸ್ಟಾಲ್‌ನವನು: 16 ಜಾಸ್ತಿ ಆದ ದುಡ್ಡು ಸ್ಟಾಲಿನವನಿಗೆ ಬಂತಾ, ಓನರಿಗೆ ಹೋಯ್ತಾ? ಅದನ್ನ ಹೇಳಿ.

ಇನ್ಸ್‌ಪೆಕ್ಟರ್: ಸ್ಟಾಲಿನವರು ಹೇಳಿದ್ದರಲ್ಲಿ ಹುರುಳಿದೆ. ಟೆಂಡರ್ ಮೊತ್ತ ಏರುತ್ತಾ ಹೋದರೆ ಅದು ಕೊನೆಗೆ ಕಪ್ಪಿನ ಮೇಲೇ ಬೀಳುವುದು. ಹಾಗಾಗಿ ದೂರಿನಲ್ಲಿ ಸ್ಟಾಲನ್ನು ಮಾತ್ರ ಅಲ್ಲ, ಮ್ಯಾಚ್ ನಡೆಸುವವರನ್ನೂ, ಗುತ್ತಿಗೆ ಹಿಡಿದವರನ್ನೂ ಸೇರಿಸಿ. ಆದರೆ ತಮ್ಮಾ, ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳುವುದು ನಿಮ್ಮ ಕೈಯಲ್ಲಾದರೆ ಕೇಸು ನಿಮ್ಮ ಮೇಲೂ ಬೀಳುತ್ತದೆ. ಬಾಡಿಗೆ ಜಾಸ್ತಿ ಅನ್ನುವುದು ಅಲ್ಲಿ ಉತ್ತರ ಆಗುವುದಿಲ್ಲ.

ಬಳ್ಳಾರಿ ಅಣ್ಣ: ಸರ್ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ತಗೊಂಡರೆ ಎಲ್ಲಿ ದೂರು ಕೊಡಬೇಕು?

ಇನ್ಸ್‌ಪೆಕ್ಟರ್: 1915. ಮೇಲೆ ಇದೆ.

ಕ್ರಿಕೆಟ್ ಪ್ರೇಮಿ: ಬಾಟಲಿ ಮೇಲೇ 60 ಅಂತ ಪ್ರಿಂಟ್ ಮಾಡಿದ್ದರೆ? ಹೊರಗೆ ಅದೇ ನೀರು 20.

ಇನ್ಸ್‌ಪೆಕ್ಟರ್: ಅದೇ ಬ್ರ್ಯಾಂಡ್, ಅದೇ ಅಳತೆ, ಅದೇ ಮಾಲಾದರೆ ಎರಡು ಎಂಆರ್‌ಪಿ ಹಾಕುವಂತಿಲ್ಲ. 2018ರ ಜನವರಿ 1ರಿಂದ ಈ ನಿಯಮ ಇದೆ. ಹೆಸರೋ ಅಳತೆಯೋ ಬದಲಾಗಿದ್ದರೆ ಹಿಡಿಯುವುದು ಕಷ್ಟ. ಎರಡೂ ಬಾಟಲಿ ಪಕ್ಕಪಕ್ಕ ಇಟ್ಟು ನೋಡಿ.

ರಿಟೈರ್ಡ್ ಮೇಷ್ಟ್ರು: ಇದು ನಿಜ ಅಂತ ನನ್ನ ಅಳಿಯ ಕಳಿಸಿದ್ದಾನೆ. ಎಂಆರ್‌ಪಿಗಿಂತ ಜಾಸ್ತಿ ತಗೊಂಡರೆ ಒಂದು ಫೋಟೋ ಕಳಿಸಿದರೆ ಸಾಕು, ನಿಮ್ಮ ಖಾತೆಗೆ 25,000 ಪರಿಹಾರ ಬರುತ್ತೆ.

ಇನ್ಸ್‌ಪೆಕ್ಟರ್: ಬರುವುದಿಲ್ಲ. ಇಲಾಖೆ ಹಾಕುವ ದಂಡ ಸರ್ಕಾರಕ್ಕೆ ಹೋಗುತ್ತದೆ. ಪರಿಹಾರ ಬೇಕಾದರೆ ಗ್ರಾಹಕ ಆಯೋಗದಲ್ಲಿ ಕೇಸು ಹಾಕಿ ಸಾಬೀತು ಮಾಡಬೇಕು. ಇಂಥ ಮೆಸೇಜ್‌ನಲ್ಲಿ ಲಿಂಕ್ ಇದ್ದರೆ ಒತ್ತಬೇಡಿ, ಖಾತೆ ವಿವರ ಕೊಡಬೇಡಿ. ಮೇಷ್ಟ್ರೇ, ಎರಡನೇ ಸಲ ಹೇಳುತ್ತಿದ್ದೇನೆ, ಇಂಥದ್ದನ್ನು ನಂಬಿ ಜನ ದುಡ್ಡು ಕಳೆದುಕೊಳ್ಳುತ್ತಾರೆ.

ರಿಟೈರ್ಡ್ ಮೇಷ್ಟ್ರು: ಜನರಿಗೆ ಒಳ್ಳೆಯದಾಗಲಿ ಅಂತ ಹಾಕಿದೆ. ಇಷ್ಟು ಸಿಡುಕುವ ಅಗತ್ಯ ಇರಲಿಲ್ಲ.

ಹುಬ್ಬಳ್ಳಿಯವರು: ಮೇಷ್ಟ್ರಿಗೆ ಮರ್ಯಾದಿ ಕೊಟ್ಟು ಮಾತಾಡ್ರಿ ಸರ್.

ದಾವಣಗೆರೆ ಹುಡುಗ: ಸರ್ ಹೇಳಿದ್ದು ಸರಿಯಾಗೇ ಇದೆ. ಸುಳ್ಳು ಮೆಸೇಜ್ ಹಾಕೋರಿಗೆ ಇನ್ನೇನು ಹಾರ ಹಾಕಬೇಕಾ?

ರಾಜಾಜಿನಗರದವನು: ದಾವಣಗೆರೆಯವರೇ, ನಿಮ್ಮ 40 ರೂಪಾಯಿ ನಾನೇ ಕಳಿಸ್ತೀನಿ, ನಂಬರ್ ಕೊಡಿ.

ಅಡ್ಮಿನ್: ರಾಜಾಜಿನಗರದವರೇ, ಇನ್ನೊಂದು ಹೀಗೆ ಬರೆದರೆ ತೆಗೆದುಹಾಕುತ್ತೇನೆ.

ತುಮಕೂರು ಫ್ಯಾನ್: ಯುಪಿಐ ಸ್ಕ್ರೀನ್‌ಶಾಟ್ ಇದೆ, ಬಿಲ್ ಕೊಡಲಿಲ್ಲ. ನಡೆಯುತ್ತಾ? ಮತ್ತೆ ಬಿಯರ್ ಬೆಲೆಗೂ ಇದೇ ನಿಯಮನಾ?

ಇನ್ಸ್‌ಪೆಕ್ಟರ್: ಸ್ಕ್ರೀನ್‌ಶಾಟ್ ಒಂದೇ ಸಾಲದು, ಏನು ಕೊಂಡಿರಿ ಅಂತ ಅದರಲ್ಲಿ ಇರುವುದಿಲ್ಲ. ಬೋರ್ಡಿನ ಫೋಟೋ, ಟಿಕೆಟ್, ಬಾಟಲಿ ಜೊತೆಗಿರಲಿ.

ಬಳ್ಳಾರಿ ಅಣ್ಣ: 1915ಕ್ಕೆ ಮಾಡಿದೆ, ಬರೀ ಹಿಂದಿಯಲ್ಲಿ ಮಾತಾಡ್ತಾರೆ.

ಇನ್ಸ್‌ಪೆಕ್ಟರ್: ಶುರುವಿನಲ್ಲೇ ಭಾಷೆ ಆರಿಸಿಕೊಳ್ಳಿ.

ಮೈಸೂರು ಟೀಚರ್: ಸರ್, ಅಳೆದೆ. ಚಿಕ್ಕ ಕಪ್ ಬಾಯಿವರೆಗೆ 342 ಮಿಲಿ. ದೊಡ್ಡದು 371. ಬರೀ 29 ಮಿಲಿಗೆ 60 ರೂಪಾಯಿ! ಮಗ ಲೆಕ್ಕ ಹಾಕಿ ಕೂತಿದ್ದಾನೆ, ಚಿಕ್ಕ ಕಪ್ಪಿನ ದರದಲ್ಲಿ ದೊಡ್ಡದು 109 ರೂಪಾಯಿಯೊಳಗೆ ಇರಬೇಕಿತ್ತಂತೆ.

ಇನ್ಸ್‌ಪೆಕ್ಟರ್: ಮಗನ ಲೆಕ್ಕ ಸರಿ ಇದೆ. ಟೀಚರ್, ಎರಡೂ ಕಪ್ ತೊಳೆದು, ದಿನಾಂಕ ಬರೆದು, ಒಂದು ಕವರಿನಲ್ಲಿ ಹಾಕಿಡಿ. ಬೋರ್ಡಿನ ಫೋಟೋ ಇಲ್ಲದಿದ್ದರೆ ಈ ಗ್ರೂಪಿನಲ್ಲಿ ಅದೇ ಮ್ಯಾಚಿಗೆ ಹೋದವರನ್ನು ಕೇಳಿ. ಇಂಥ ಕೇಸಿನಲ್ಲಿ ಒಂದೇ ತೊಂದರೆಗೆ ಸಿಕ್ಕ ಹಲವರ ಪರವಾಗಿ ಆಯೋಗದ ಅನುಮತಿ ಪಡೆದು ಒಬ್ಬರೇ ದೂರು ಹಾಕಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಸೆಕ್ಷನ್‌ನಲ್ಲಿ ಅದಕ್ಕೆ ದಾರಿ ಇದೆ. ಮೊದಲು ಇಲಾಖೆಗೆ ಬರೆಯಿರಿ. ಬೋರ್ಡಿನಲ್ಲಿ ಮಿಲಿ ಹಾಕಿಸಿ, ಕಪ್ಪಿನ ಮೇಲೆ ಗೆರೆ ಹಾಕಿಸಿ ಅನ್ನುವುದೇ ಮುಖ್ಯ ಬೇಡಿಕೆ ಆಗಿರಲಿ, ಪರಿಹಾರ ಆಮೇಲೆ. ಕರಡು ಬರೆದು ನನಗೆ ಕಳಿಸಿ, ತಿದ್ದಿ ಕೊಡುತ್ತೇನೆ.

ದಾವಣಗೆರೆ ಹುಡುಗ: ಟೀಚರ್, ನಾನೂ ಅದೇ ಮ್ಯಾಚಿಗೆ ಹೋಗಿದ್ದೆ ಅನಿಸುತ್ತೆ. ಬೋರ್ಡಿನ ಫೋಟೋ ಇದೆ, ಸ್ವಲ್ಪ ಮಸುಕು. ಮೆಸೇಜ್ ಮಾಡಿ.

ಬಳ್ಳಾರಿ ಅಣ್ಣ: ಸರ್ ಭಾಷೆ ಆರಿಸೋಕೆ ಯಾವ ನಂಬರ್ ಒತ್ತಬೇಕು?