ಹೆರಿಗೆಯಾಗಿ ನಾಲ್ಕು ವಾರ, ಈಗ ಹೃದಯದ ವಾರ್ಡಿನಲ್ಲಿದ್ದೇನೆ: ಕೂಸಿನ ಹಾಲು, ನನ್ನ ಬಾಣಂತನ ಹೇಗೆ?

ಮಾಲೂರು ಕಡೆಯವಳು:
ವಯಸ್ಸು 26, ಎರಡನೇ ಹೆರಿಗೆ, ನಾರ್ಮಲ್. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕಾಲು ಊದಿತ್ತು, ರಾತ್ರಿಯೆಲ್ಲ ಕೆಮ್ಮು. ಮನೆಯಲ್ಲಿ ಶೀತ ಅಂದುಕೊಂಡರು. ಈಗ ಬೆಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕನೇ ದಿನ, ನಿನ್ನೆ ಐಸಿಯುನಿಂದ ವಾರ್ಡಿಗೆ ಕಳಿಸಿದರು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇ.ಎಫ್. 25, ಪೆರಿಪಾರ್ಟಮ್ ಕಾರ್ಡಿಯೊಮಯೋಪತಿ (ಹೆರಿಗೆಯ ಆಸುಪಾಸಿನಲ್ಲಿ ಹೃದಯದ ಸ್ನಾಯು ಬಲಗುಂದುವ ಕಾಯಿಲೆ) ಎಂದು ಬರೆದಿದ್ದಾರೆ. ಲಾಸಿಕ್ಸ್, ಎನಾಲಪ್ರಿಲ್, ಮೆಟೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್ ಕೊಡುತ್ತಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಹೆಪಾರಿನ್ ಇಂಜೆಕ್ಷನ್ ಬೇರೆ. ಕೂಸು ಊರಲ್ಲಿ ಅತ್ತೆಯ ಹತ್ತಿರ ಇದೆ, 4 ಕೆ.ಜಿ. ದೊಡ್ಡವನಿಗೆ ಮೂರು ವರ್ಷ. ಎದೆ ಕಲ್ಲಿನಂತೆ ಗಟ್ಟಿಯಾಗಿದೆ. ಈ ಮಾತ್ರೆ ತಿನ್ನುತ್ತಾ ಹಾಲು ಕೊಡಬಹುದಾ? ಕೂಸಿಗೆ ಅಲ್ಲಿ ಏನು ಕುಡಿಸಬೇಕು? ಮನೆಗೆ ಹೋದಮೇಲೆ ಬಾಣಂತನ ಮಾಡಿಸಿಕೊಳ್ಳಬಹುದಾ? 25 ಅಂದರೆ ಕಾಲು ಭಾಗ ಹೃದಯ ಮಾತ್ರ ಉಳಿದಿದೆ ಎಂದಾ?

ವಾರ್ಡ್ ಸಿಸ್ಟರ್:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ, ರಾತ್ರಿ ನಿದ್ದೆ ಕೆಡಿಸುವುದು ಅದೇ. ಕಾಲು ಭಾಗ ಉಳಿದಿದೆ ಎಂದಲ್ಲ ತಾಯಿ. ಎಡಗಡೆಯ ಕೋಣೆಯಲ್ಲಿ ತುಂಬಿಕೊಂಡ ರಕ್ತದಲ್ಲಿ ಒಂದೊಂದು ಬಡಿತಕ್ಕೆ ನೂರಕ್ಕೆ ಎಷ್ಟು ಹೊರಗೆ ಹೋಗುತ್ತದೆ ಎಂಬ ಲೆಕ್ಕವೇ ಇ.ಎಫ್. ಚೆನ್ನಾಗಿರುವ ಹೃದಯದಲ್ಲೂ 100 ಇರುವುದಿಲ್ಲ, 55ರ ಮೇಲಿದ್ದರೆ ಸರಿ. ಗರ್ಭಿಣಿಯ ಕೊನೆ ತಿಂಗಳಿಂದ ಹೆರಿಗೆಯಾಗಿ ಐದು ತಿಂಗಳೊಳಗೆ, ಬೇರೆ ಕಾರಣವಿಲ್ಲದೆ ಇ.ಎಫ್. 45ಕ್ಕಿಂತ ಕೆಳಗೆ ಇಳಿದರೆ ನಿಮ್ಮ ಚೀಟಿಯಲ್ಲಿರುವ ಆ ಕಾಯಿಲೆಯ ಹೆಸರು ಹಾಕುತ್ತಾರೆ. ಬೇರೆ ಹೃದಯದ ಕಾಯಿಲೆಗಳಿಗೆ ಹೋಲಿಸಿದರೆ ಇದು ತಿರುಗಿ ಸರಿಹೋಗುವುದು ಹೆಚ್ಚು: ಅರ್ಧಕ್ಕಿಂತ ಹೆಚ್ಚು ಮಂದಿಗೆ ಆರು ತಿಂಗಳು ಕಳೆಯುವುದರಲ್ಲಿ ಹೃದಯ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. 30ಕ್ಕಿಂತ ಕೆಳಗಿಂದ ಶುರುವಾದವರಿಗೆ ದಾರಿ ಉದ್ದ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮುಚ್ಚಿದ ದಾರಿಯಲ್ಲ.

ಈಗ ಹಾಲು. ನೀವು ಬರೆದ ನಾಲ್ಕು ಮಾತ್ರೆಗಳೂ ಹಾಲುಣಿಸುವ ತಾಯಂದಿರಿಗೆ ಕೊಡುವಂಥವೇ, ಹೆಪಾರಿನ್‌ನಿಂದಲೂ ಕೂಸಿಗೆ ತೊಂದರೆಯಿಲ್ಲ. ಲಾಸಿಕ್ಸ್‌ನಿಂದ ಹಾಲು ಸ್ವಲ್ಪ ಕಡಿಮೆಯಾಗಬಹುದು. ಮೆಟೊಪ್ರೊಲಾಲ್ ಇರುವುದರಿಂದ ಕೂಸು ತೀರಾ ಮಂಕಾಗಿ ಹಾಲು ಬಿಟ್ಟರೆ ಹೇಳಬೇಕು. ಡಪಾಗ್ಲಿಫ್ಲೋಜಿನ್ ಅಥವಾ ಸಾಕುಬಿಟ್ರಿಲ್ ಇರುವ ಮಾತ್ರೆ ಹೊಸದಾಗಿ ಸೇರಿಸಿದರೆ ಮಾತ್ರ "ಕೂಸಿಗೆ ಹಾಲು ಕೊಡ್ತಿದ್ದೀನಿ" ಎಂದು ಬಾಯಿಬಿಟ್ಟು ಹೇಳಿ.

ಆದರೆ ಇವತ್ತಿನ ರೌಂಡ್ಸಿನಲ್ಲೇ ಒಂದು ಮಾತು ಕೇಳಲೇಬೇಕು: "ಬ್ರೋಮೊಕ್ರಿಪ್ಟಿನ್ ಕೊಡುವ ಯೋಚನೆ ಇದೆಯಾ?" ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಒಡೆದು ಆಗುವ ಒಂದು ತುಣುಕು ಹೃದಯದ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ ಎಂಬ ಕಾರಣಕ್ಕೆ ಕೆಲವು ವೈದ್ಯರು ಆ ಮಾತ್ರೆ ಕೊಡುತ್ತಾರೆ, ಇನ್ನು ಕೆಲವರು ಕೊಡುವುದಿಲ್ಲ. ಕೊಟ್ಟರೆ ಹಾಲು ನಿಲ್ಲುತ್ತದೆ, ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ ಜೊತೆಗೇ ಇರಬೇಕು. ಆಗ ಹಾಲು ಹಿಂಡಿ ಹಿಂಡಿ ಉಳಿಸಿಕೊಳ್ಳಲು ಒದ್ದಾಡಬಾರದು, ಕೂಸಿಗೆ ಡಬ್ಬಿ ಹಾಲೇ ಗತಿ. ಅದರಿಂದ ನೀವು ಕೆಟ್ಟ ತಾಯಿ ಆಗುವುದಿಲ್ಲ.

ಕೊಡುವುದಿಲ್ಲ ಎಂದರೆ, ಹಾಲು ಹಿಂಡಲು ನಿಮ್ಮ ಮೈಗೆ ಈಗ ಶಕ್ತಿ ಇದೆಯಾ ಎಂದು ಅವರನ್ನೇ ಕೇಳಿ, ಒಪ್ಪಿದರೆ ಇವತ್ತೇ ಶುರುಮಾಡಿ. ಕಲ್ಲಾದ ಎದೆಯನ್ನು ಹಾಗೇ ಬಿಟ್ಟರೆ ಕೀವು ಕಟ್ಟಿ ಜ್ವರ ಬರಬಹುದು, ಜ್ವರ ಬಂದರೆ ಹೃದಯದ ಬಡಿತ ಏರುತ್ತದೆ, ಈಗ ಅದೇ ಬೇಡದ್ದು. ಬೆನ್ನಿಗೆ ದಿಂಬು ಕೊಟ್ಟು ಒರಗಿ ಕೂತು, ಬೆಚ್ಚಗಿನ ಬಟ್ಟೆ ಇಟ್ಟು, ಮೂರು ಗಂಟೆಗೊಮ್ಮೆ ಎರಡೂ ಕಡೆ ಸೇರಿ ಇಪ್ಪತ್ತು ನಿಮಿಷ. ರಾತ್ರಿ ಒಂದು ಸರದಿ ಬಿಟ್ಟು ನಿದ್ದೆ ಮಾಡಿ. ತೊಳೆದು ಕುದಿಸಿದ, ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಇರುತ್ತದೆ, ಬಿಸಿಲುಗಾಲದಲ್ಲಿ ಅಷ್ಟು ಹೊತ್ತೂ ಬೇಡ. ಐಸ್ ತುಂಬಿದ ಪೆಟ್ಟಿಗೆಯಲ್ಲಾದರೆ ಒಂದು ದಿನ. ಮಾಲೂರಿಗೆ ರೈಲಿದೆ, ಯಜಮಾನರು ದಿನಕ್ಕೊಮ್ಮೆ ಒಯ್ಯಬಹುದು. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟರೆ ಸಾಕು.

ಆಶಾ ಅಕ್ಕ, ಶ್ರೀನಿವಾಸಪುರ:
ಅತ್ತೆಯವರಿಗೆ ಫೋನ್ ಮಾಡಿ ಹೇಳಮ್ಮ: ಹಸುವಿನ ಹಾಲು ಬೇಡ, ಪ್ಯಾಕೆಟ್ ಹಾಲೂ ಬೇಡ, ನೀರು ಬೆರೆಸಿ ತೆಳ್ಳಗೆ ಮಾಡಿದರೂ ಬೇಡ. ನಿಮ್ಮ ಹಾಲು ಸಾಲದೆ ಬಂದರೆ ಡಬ್ಬಿ ಹಾಲಿನ ಪುಡಿ. ನೀರು ಮೊದಲು ಅಳೆದು ಆಮೇಲೆ ಪುಡಿ, ಸಾಮಾನ್ಯವಾಗಿ 30 ಮಿ.ಲೀ.ಗೆ ಒಂದು ಸಪಾಟು ಚಮಚ, ಡಬ್ಬಿಯೊಳಗಿನ ಚಮಚವೇ ಆಗಬೇಕು. ಡಬ್ಬಿಯ ಮೇಲಿನ ಅಳತೆಯನ್ನು ಒಮ್ಮೆ ಓದಿಸಿ. ಪುಡಿ ದುಬಾರಿ ಅಂತ ನೀರು ಹೆಚ್ಚು ಹಾಕುವುದೇ ಹೆಚ್ಚಾಗಿ ಆಗುವ ತಪ್ಪು, ಕೂಸು ತೂಕ ಏರುವುದೇ ಇಲ್ಲ. ನಿಮ್ಮ ಕೂಸಿನ ತೂಕಕ್ಕೆ ದಿನಕ್ಕೆ ಸುಮಾರು 600 ಮಿ.ಲೀ., ಎಂಟು ಸಲ ಮಾಡಿದರೆ 75ರಂತೆ. ಬಾಟಲಿ ಬೇಡ, ಒಳಲೆಯಲ್ಲೇ ಕುಡಿಸಲಿ. ಒಳಲೆ ಕುದಿಸುವುದು ಸುಲಭ. ಉಳಿದದ್ದು ಚೆಲ್ಲಬೇಕು.

ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುತ್ತದೆ, ಕುದಿಸಿದರೆ ಅದು ಹೋಗುವುದಿಲ್ಲ. ಶುದ್ಧ ನೀರಿನ ಘಟಕದಿಂದ ತಂದು, ಅದನ್ನು ಕುದಿಸಿ ಬಳಸಲಿ.

ಆರನೇ ವಾರಕ್ಕೆ ಪೆಂಟಾ, ಪೋಲಿಯೊ, ರೋಟಾ, ನ್ಯುಮೊಕಾಕಲ್ ಲಸಿಕೆ ಬರುತ್ತದೆ. ತಾಯಿ ಆಸ್ಪತ್ರೆಯಲ್ಲಿದ್ದಾಳೆ ಅಂತ ಮುಂದೂಡುವುದು ಬೇಡ, ಅಜ್ಜಿ ಕರೆದುಕೊಂಡು ಹೋದರೂ ಹಾಕುತ್ತಾರೆ. ತಾಯಿ ಕಾರ್ಡ್ ನಿಮ್ಮ ಬ್ಯಾಗಿನಲ್ಲೇ ಉಳಿದಿದ್ದರೆ ಊರಿಗೆ ಕಳಿಸಿಬಿಡಿ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ರೇಷನ್ ಕಾರ್ಡ್, ಆಧಾರ್ ಎರಡನ್ನೂ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರಿಗೆ ಇವತ್ತೇ ಕೊಡಿ, ಡಿಸ್ಚಾರ್ಜ್ ಬಿಲ್ ಕಟ್ಟಿದ ಮೇಲೆ ಕೇಳಿದರೆ ಕಷ್ಟ. ಮದುವೆಯಾದರೂ ಎಷ್ಟೋ ಹೆಣ್ಣುಮಕ್ಕಳ ಹೆಸರು ತವರಿನ ಕಾರ್ಡಿನಲ್ಲೇ ಇರುತ್ತದೆ. ನಿಮ್ಮ ಹೆಸರು ಯಾವ ಕಾರ್ಡಿನಲ್ಲಿದೆಯೋ ಅದನ್ನೇ ತರಿಸಿ.

ಔಷಧಿ ಅಂಗಡಿ, ಬಂಗಾರಪೇಟೆ:
ಬಾಣಂತನದ ಪ್ರಶ್ನೆ ಉಳಿಯಿತು. ಅಪಾಯ ಹೆಚ್ಚಾಗಿ ಇರುವುದು ಅಲ್ಲೇ, ಯಾರೂ ಕೆಟ್ಟದ್ದಕ್ಕೆ ಮಾಡುವುದಿಲ್ಲ, ಪ್ರೀತಿಯಿಂದಲೇ ಮಾಡುತ್ತಾರೆ. ಹಂಡೆಗಟ್ಟಲೆ ಸುಡುವ ನೀರು ಹುಯ್ಯುವುದು ಬೇಡ. ಈ ಮಾತ್ರೆಗಳು ಬಿ.ಪಿ.ಯನ್ನು ಮೊದಲೇ ಇಳಿಸಿರುತ್ತವೆ, ಬಿಸಿನೀರಿಗೆ ರಕ್ತನಾಳ ಇನ್ನೂ ಹಿಗ್ಗಿ, ಬಚ್ಚಲಲ್ಲೇ ತಲೆ ತಿರುಗಿ ಬೀಳುತ್ತಾರೆ. ಉಗುರುಬೆಚ್ಚಗಿನ ನೀರು, ಕೂತು ಸ್ನಾನ. ಕಿಟಕಿ ಮುಚ್ಚಿ ಕೆಂಡದ ಹೊಗೆ ಹಾಕುವುದು ಬೇಡವೇ ಬೇಡ.

ಉಪ್ಪು ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ, ಅಂದರೆ 5 ಗ್ರಾಂ ಮೀರಬಾರದು. ಮುದ್ದೆ ಉಪ್ಪಿಲ್ಲದೆಯೇ ಮಾಡುವುದರಿಂದ ಒಳ್ಳೆಯದು, ತೊಂದರೆ ಇರುವುದು ಉಪ್ಸಾರು, ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯಲ್ಲಿ. ಬಸ್ಸಾರಿಗೆ ಉಪ್ಪು ಹಾಕುವ ಮೊದಲೇ ನಿಮ್ಮ ಪಾಲು ತೆಗೆದಿಟ್ಟು, ಹುಳಿ, ಮೆಣಸು, ಬೆಳ್ಳುಳ್ಳಿ ಹೆಚ್ಚಿಸಿಕೊಳ್ಳಿ. 'ಸೋಡಿಯಂ ಕಡಿಮೆ' ಎಂದು ಮಾರುವ ಉಪ್ಪು ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಸ್ಪೈರೊನೊಲ್ಯಾಕ್ಟೋನ್ ಮತ್ತು ಎನಾಲಪ್ರಿಲ್ ಎರಡೂ ಪೊಟ್ಯಾಸಿಯಂ ಏರಿಸುವಂಥವು, ಅತಿಯಾದರೆ ಹೃದಯದ ಲಯವೇ ತಪ್ಪುತ್ತದೆ. ದಿನಾ ಎಳನೀರು ಬೇಡ ಎನ್ನುವುದೂ ಅದಕ್ಕೇ. ನೀರು ಎಷ್ಟು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದೂವರೆ ಲೀಟರ್ ಎಂದರೆ ಕಾಫಿ, ಸಾರು, ಮಜ್ಜಿಗೆ, ಗಂಜಿ ಎಲ್ಲ ಸೇರಿ.

ಒಂದು ತೂಕದ ಯಂತ್ರ ಕೊಳ್ಳಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ಕಾಫಿಗೆ ಮುಂಚೆ ನಿಂತು ಕ್ಯಾಲೆಂಡರ್ ಮೇಲೆ ಬರೆಯಿರಿ. ಒಂದು ದಿನದಲ್ಲಿ 1 ಕೆ.ಜಿ. ಅಥವಾ ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು. ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಮಲಗಲಾಗದ ಉಸಿರುಕಟ್ಟು, ನೊರೆನೊರೆ ಕಫ ಬಂದರೆ 108.

ಇದನ್ನು ಮನೆಯವರೆಲ್ಲರಿಗೂ ಓದಿ ಹೇಳಿ: ಸುಸ್ತು ಎಂದು ಯಾರೂ ನಿಮಗೆ ಗ್ಲೂಕೋಸ್ ಬಾಟಲಿ ಹಾಕಿಸಬಾರದು. ಹೃದಯ ನೂಕಲಾರದ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಸೊಂಟ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೂಡದು, ಅವು ಉಪ್ಪು ನೀರು ಹಿಡಿದಿಡುತ್ತವೆ. ಪ್ಯಾರಾಸಿಟಮಾಲ್ ಸಾಕು. ಯಾವ ಡಾಕ್ಟರ ಹತ್ತಿರ ಹೋದರೂ ಎಕೋ ರಿಪೋರ್ಟ್ ಕೈಯಲ್ಲಿರಲಿ.

ಮಾಲೂರು ಕಡೆಯವಳು:
ಬ್ರೋಮೊಕ್ರಿಪ್ಟಿನ್ ಇಲ್ಲ ಅಂದರು, ಹಾಲು ಹಿಂಡಲು ಒಪ್ಪಿದರು. ತುಂಬಾ ಥ್ಯಾಂಕ್ಸ್. ದೊಡ್ಡವನು ವಿಡಿಯೊದಲ್ಲಿ 'ಎತ್ಕೋ' ಅಂತ ಅಳ್ತಾನೆ. ಮನೆಗೆ ಹೋದರೆ ಎತ್ತಬಹುದಾ? ಮಾತ್ರೆ ಎಷ್ಟು ದಿನ?

ವಾರ್ಡ್ ಸಿಸ್ಟರ್:
ಈಗಲೇ ಎತ್ತಬೇಡಿ. ನೀವು ಕೂತುಕೊಳ್ಳಿ, ಅವನೇ ತೊಡೆ ಹತ್ತಲಿ. ಕೂಸನ್ನೂ ಕೂತಿದ್ದಾಗ ಬೇರೆಯವರು ಮಡಿಲಿಗೆ ಇಡಲಿ. ರಾತ್ರಿ ಒಂದು ಸಲದ ಹಾಲನ್ನು ಅಜ್ಜಿ ಅಥವಾ ಅಪ್ಪ ಒಳಲೆಯಲ್ಲಿ ಕುಡಿಸುವಂತೆ ಮೊದಲೇ ಮಾತಾಡಿಕೊಳ್ಳಿ.

ಮಾತ್ರೆಯನ್ನು ಮೈ ಹಗುರಾಯಿತೆಂದು ನಿಲ್ಲಿಸಬೇಡಿ. ಇ.ಎಫ್. ಸರಿಹೋದ ಮೇಲೂ ಹಲವು ತಿಂಗಳು ಮುಂದುವರಿಸಿ, ಎಕೋ ನೋಡಿಕೊಂಡು ನಿಧಾನವಾಗಿ ಇಳಿಸುತ್ತಾರೆ. ಒಂದೆರಡು ವಾರಕ್ಕೆ ಪೊಟ್ಯಾಸಿಯಂ, ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವುದು) ರಕ್ತಪರೀಕ್ಷೆ ಇರುತ್ತದೆ, ತಪ್ಪಿಸಬೇಡಿ.

ಯಾರೂ ಕೇಳದ ವಿಷಯವೊಂದಿದೆ. ಎನಾಲಪ್ರಿಲ್ ತಿನ್ನುವಾಗ ಬಸಿರು ನಿಂತರೆ ಹೊಟ್ಟೆಯ ಕೂಸಿಗೂ ಕೆಡುಕು, ನಿಮ್ಮ ಹೃದಯಕ್ಕೂ ಕೆಡುಕು. ಹಾಲುಣಿಸುತ್ತಿದ್ದರೆ ಆಗುವುದಿಲ್ಲ ಎಂದು ನಂಬಬೇಡಿ. ಬಸಿರು ತಡೆಯಲು ತಿನ್ನುವ, ಈಸ್ಟ್ರೋಜನ್ ಇರುವ ಗುಳಿಗೆ ರಕ್ತ ಹೆಪ್ಪುಗಟ್ಟಿಸಬಹುದು, ಅದು ಬೇಡ. ಕಾಪರ್-ಟಿ ಅಥವಾ ಸರ್ಕಾರಿ ಆಸ್ಪತ್ರೆಯ ಅಂತರಾ ಇಂಜೆಕ್ಷನ್ ಬಗ್ಗೆ ಡಿಸ್ಚಾರ್ಜ್‌ಗೆ ಮುಂಚೆಯೇ ಕೇಳಿ. ಎರಡು ಮಕ್ಕಳು ಸಾಕು ಎಂದಿದ್ದರೆ ಯಜಮಾನರಿಗೆ ಮಾಡಿಸುವ ಆಪರೇಷನ್ ಎಲ್ಲಕ್ಕಿಂತ ಸುಲಭ, ನಿಮ್ಮ ಮೈಗೆ ಏನೂ ಹೊರೆಯಿಲ್ಲ.

ಅಳು ತಡೆಯಲಾಗದಷ್ಟು ಬಂದರೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ದೊಡ್ಡವನಿಗೆ ದಿನಾ ಒಂದೇ ಹೊತ್ತಿಗೆ, ಅವನು ಮಲಗುವ ಮುಂಚೆ, ವಿಡಿಯೊ ಮಾಡಿ. ಮೂಗಿನ ಆಕ್ಸಿಜನ್ ನಳಿಕೆ ಇನ್ನೂ ಇದ್ದರೆ ಅದೇನೆಂದು ಮೊದಲೇ ಹೇಳಿಬಿಡಿ, ಮಕ್ಕಳಿಗೆ ಹೇಳದೆ ತೋರಿಸಿದರೆ ಹೆದರುತ್ತವೆ.