ಸಹಾಯ ಬೇಕು: ಕ್ವೀನ್ ಮೇರಿ 2 ಹಡಗು, ಜೊತೆಗೆ ಸೌತಾಂಪ್ಟನ್ ಸುತ್ತಾಟ

ಎಲ್ಲರಿಗೂ ನಮಸ್ಕಾರ. ಲಂಡನ್‌ನಲ್ಲಿರುವ ನಮ್ಮ ಮನೆಗೆ ಅಪ್ಪ ಅಮ್ಮ ಬರುತ್ತಿದ್ದಾರೆ. ಇಲ್ಲಿಂದ ನ್ಯೂಜೆರ್ಸಿಯ ಅಕ್ಕನ ಮನೆಗೆ ವಿಮಾನದ ಬದಲು ಹಡಗಲ್ಲೇ ಹೋಗೋಣ ಅಂತ ಅಪ್ಪನ ಹಟ. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಏಳು ರಾತ್ರಿ, ಇಳಿಯೋದು ಬ್ರೂಕ್ಲಿನ್‌ನಲ್ಲಿ. ನಾನೂ ಜೊತೆಗಿರುತ್ತೇನೆ. ಅವರಿಬ್ಬರಿಗೂ ಅಮೆರಿಕದ ವೀಸಾ ಇದೆ, ಆ ಚಿಂತೆ ಇಲ್ಲ.

ಹಡಗು ಹತ್ತುವ ಮೊದಲು ಒಂದೆರಡು ದಿನ ಸೌತಾಂಪ್ಟನ್‌ನಲ್ಲಿ ಉಳಿಯುವ ಯೋಚನೆ. 1912ರಲ್ಲಿ ಟೈಟಾನಿಕ್ ಹೊರಟಿದ್ದು ಅಲ್ಲಿಂದಲೇ ಅಲ್ವಾ, ಸೀಸಿಟಿ ಮ್ಯೂಸಿಯಂನಲ್ಲಿ ಅದರ ಕಥೆ ಇದೆ. (ಹಡಗು ಹತ್ತೋ ಮುಂಚೆ ಅದನ್ನು ತೋರಿಸ್ಬೇಕಾ ಅಂತ ಅಮ್ಮನ ತಕರಾರು!) ಇನ್ನೊಂದು ದಿನ ರೈಲಲ್ಲಿ ಸಾಲ್ಸ್‌ಬರಿಗೆ ಹೋಗಿ, ಕೆಥೆಡ್ರಲ್‌ನಲ್ಲಿರುವ 1215ರ ಮ್ಯಾಗ್ನಾ ಕಾರ್ಟಾ (ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಹಳೇ ಸನ್ನದು) ನೋಡಿ, ಅಲ್ಲಿಂದ ಬಸ್ಸಲ್ಲಿ ಸ್ಟೋನ್‌ಹೆಂಜ್‌ನ ಪುರಾತನ ಕಲ್ಲುಗಳ ವೃತ್ತ. ಅಪ್ಪನಿಗೆ ಮಂಡಿ ನೋವು. ಎರಡೂ ಒಂದೇ ದಿನಕ್ಕೆ ಜಾಸ್ತಿ ಆಗುತ್ತಾ? ಒಂದನ್ನೇ ನೋಡೋದಾದರೆ ಯಾವುದು?

ಹೋಟೆಲ್ ರೈಲ್ವೆ ಸ್ಟೇಷನ್ ಹತ್ತಿರ ಒಳ್ಳೇದಾ, ಬಂದರಿನ ಹತ್ತಿರವಾ? ಸೂಟ್‌ಕೇಸ್‌ಗಳು ತುಂಬಾ ಇವೆ. ವಿಮಾನದ ಹಾಗೆ ತೂಕದ ಕಾಟ ಇಲ್ಲ ಅಂತ ಅಮ್ಮ ಹಪ್ಪಳ, ಸಂಡಿಗೆ ಎಲ್ಲಾ ತುಂಬುತ್ತಿದ್ದಾರೆ. ಅಮೆರಿಕದ ಕಸ್ಟಮ್ಸ್ ಬಗ್ಗೆ ಎಷ್ಟು ಹೇಳಿದರೂ ಕೇಳಲ್ಲ.

ಮುಖ್ಯವಾಗಿ ಊಟ. ಇಬ್ಬರೂ ಮೊಟ್ಟೆ ಕೂಡ ತಿನ್ನಲ್ಲ. ಹಡಗಲ್ಲಿ ಮೊದಲೇ ಹೇಳಿದರೆ ಅನ್ನ, ಸಾರು ಥರ ಏನಾದ್ರೂ ಮಾಡಿಕೊಡ್ತಾರಾ? ಅಟ್ಲಾಂಟಿಕ್‌ನಲ್ಲಿ ಯಾವ ತಿಂಗಳು ಅಲೆ ಕಡಿಮೆ? ಸುಮ್ನೆ ಕೇಳಿದ್ದಲ್ಲ, ಹೋಗಿ ಬಂದವರು ದಯವಿಟ್ಟು ತಿಳಿಸಿ. ಈ ವಾರ ಟಿಕೆಟ್ ಬುಕ್ ಮಾಡಬೇಕು.