ಸಹಾಯ ಬೇಕು: ಅಮೆರಿಕದ ಹಳೆಯ ಲೆವೆಲ್ ಕ್ರಾಸಿಂಗ್ ಗಂಟೆಯ ಇಂಟರ್‌ಲಾಕಿಂಗ್ ರಿಲೇ

ಸದಸ್ಯರೆಲ್ಲರಿಗೂ ನಮಸ್ಕಾರ. ಸಂಶೋಧಕ ವಿಲಿಯಂ ರಾಬಿನ್ಸನ್ ಅವರು 1872ರಲ್ಲಿ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟನ್ನು (ಹಳಿಗಳಲ್ಲೇ ಕರೆಂಟ್ ಹರಿಸಿ ರೈಲು ಬಂದದ್ದನ್ನು ಪತ್ತೆಹಚ್ಚುವ ವ್ಯವಸ್ಥೆ) ಆಧರಿಸಿ, ಅಮೆರಿಕದ ಒಂಟಿ ಮಾರ್ಗಗಳ ಲೆವೆಲ್ ಕ್ರಾಸಿಂಗ್‌ಗಳಲ್ಲಿ ಗಂಟೆ ಬಾರಿಸಲು ಬಳಸುತ್ತಿದ್ದ ಇಂಟರ್‌ಲಾಕಿಂಗ್ ರಿಲೇಯ (ಒಂದು ಇನ್ನೊಂದನ್ನು ತಡೆಯಬಲ್ಲ, ಕರೆಂಟಿನಿಂದ ನಡೆಯುವ ಎರಡು ಸ್ವಿಚ್‌ಗಳ ಜೋಡಿ) ಮಾದರಿಯೊಂದನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದು ತಯಾರಿಸುತ್ತಿದ್ದೇನೆ.

ರಸ್ತೆಯ ಎರಡೂ ಬದಿಯ ಹಳಿಗಳಿಗೆ ಪ್ರತ್ಯೇಕ ಬ್ಯಾಟರಿ ಮತ್ತು ಒಂದೊಂದು ಕಾಯಿಲ್ (ಕರೆಂಟ್ ಹರಿದಾಗ ಆಯಸ್ಕಾಂತವಾಗುವ ತಂತಿಯ ಸುರುಳಿ) ಇರುತ್ತವೆ. ರೈಲಿನ ಗಾಲಿ, ಅಚ್ಚುಗಳು ಎರಡು ಹಳಿಗಳನ್ನು ಕೂಡಿಸಿದೊಡನೆ ಕರೆಂಟ್ ಅವುಗಳ ಮೂಲಕವೇ ಹರಿದುಹೋಗಿ, ಆ ಬದಿಯ ಕಾಯಿಲ್ ಬಲಗುಂದಿ, ಅದು ಎತ್ತಿ ಹಿಡಿದಿದ್ದ ಕಬ್ಬಿಣದ ಆರ್ಮೇಚರ್ (ಚಲಿಸುವ ಪಟ್ಟಿ) ತನ್ನ ಭಾರಕ್ಕೇ ಕೆಳಗೆ ಬಿದ್ದು ಗಂಟೆಯ ಸರ್ಕ್ಯೂಟನ್ನು ಪೂರ್ಣಗೊಳಿಸುತ್ತದೆ. ಹಳಿಯ ತಂತಿ ತುಂಡಾದರೂ, ಹಳಿಯ ಬ್ಯಾಟರಿ ಖಾಲಿಯಾದರೂ ಗಂಟೆ ಬಾರಿಸತೊಡಗುತ್ತದೆಯೇ ಹೊರತು ಸುಮ್ಮನಿರುವುದಿಲ್ಲ. ಜನರ ಜೀವದ ಬಗೆಗಿನ ಈ ಕಾಳಜಿಯೇ ನನ್ನನ್ನು ಬಹಳವಾಗಿ ಸೆಳೆದಿದೆ.

ತೊಡಕಿರುವುದು ಮುಂದಿನ ಹಂತದಲ್ಲಿ. ರೈಲು ರಸ್ತೆ ದಾಟಿ ಎರಡನೆಯ ಬದಿಯ ಹಳಿಗೆ ಬಂದಾಗ, ಮೊದಲೇ ಬಿದ್ದಿರುವ ಆರ್ಮೇಚರ್ ಎರಡನೆಯದನ್ನು ಕೊಂಡಿಯೊಂದರ ಮೂಲಕ ಅರ್ಧದಲ್ಲೇ ತಡೆದು ನಿಲ್ಲಿಸಬೇಕು; ಹಾಗಾದರೆ ಮಾತ್ರ ಕೊನೆಯ ಬೋಗಿ ರಸ್ತೆ ದಾಟಿದೊಡನೆ ಗಂಟೆ ನಿಲ್ಲುತ್ತದೆ. ನನ್ನ ಮಾದರಿಯಲ್ಲಿ ಮೊದಲ ಆರ್ಮೇಚರ್ ಮೇಲೇಳುವಾಗ ಕೊಂಡಿಯೂ ಜಾರಿಬಿಡುವುದರಿಂದ, ದೂರ ಸಾಗುತ್ತಿರುವ ರೈಲಿಗೂ ಗಂಟೆ ಬಾರಿಸುತ್ತಲೇ ಇರುತ್ತದೆ. ಕೊಂಡಿಯ ಆಕಾರ ಮತ್ತು ಅದನ್ನು ಕೂರಿಸುವ ಕ್ರಮವನ್ನು ಬಲ್ಲವರು, ವಿಶೇಷವಾಗಿ ಸಿಗ್ನಲ್ ವಿಭಾಗದಲ್ಲಿ ದುಡಿದ ಹಿರಿಯರು, ರೇಖಾಚಿತ್ರವನ್ನೋ ಹತ್ತಿರದಿಂದ ತೆಗೆದ ಫೋಟೋವನ್ನೋ ದಯವಿಟ್ಟು ಹಂಚಿಕೊಳ್ಳಬೇಕೆಂದು ಕೋರುತ್ತೇನೆ.